ಮಷೀನಿನ ಮುಂದೆ ಆಡಿದ ಮಾತು

ಬ್ಲೇಡು ಕೆಳಗಿಳಿದಾಗ, ಪುಸ್ತಕ ಹೊಲಿಯುವ ಬೈಂಡರ್, ಯೇಸುವಿನ ವಿಷಯ ಹೇಳುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ಪ್ರೆಸ್ಸಿನಲ್ಲಿ, ಕಾಗದ ಕತ್ತರಿಸುವ ಅದೇ ಮಷೀನಿನ ಪಕ್ಕ ನಿಂತು, ಅದನ್ನು ನಡೆಸುವ ಅದೇ ಕಟಿಂಗ್ ಅಣ್ಣನಿಗೆ ಹೇಳುತ್ತ ಬಂದಿದ್ದ. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು; ಕೈ ಒಳಗೆ ಸಿಕ್ಕಿಕೊಳ್ಳದಿರಲಿ ಎಂದೇ ಆ ಏರ್ಪಾಡು. ಆದರೆ ಕೆಲಸ ಬೇಗ ಸಾಗಲೆಂದು ಅಲ್ಲಿಯವರು ಒಂದು ಗುಂಡಿಯನ್ನು ಅದುಮಿ ಟೇಪು ಸುತ್ತಿಬಿಡುತ್ತಿದ್ದರು. ಹಾಗೆ ಮಾಡಿದರೆ ಒಂದು ಕೈ ಇನ್ನೊಂದು ಗುಂಡಿಗೆ, ಇನ್ನೊಂದು ಕಾಗದ ಸರಿಮಾಡುವುದಕ್ಕೆ. ಬೈಂಡರನಿಗೂ ಇದು ಗೊತ್ತಿದ್ದದ್ದೇ.

"ಈ ಭಾನುವಾರ ಒಂದ್ಸಲ ಚರ್ಚಿಗೆ ಬಾ ಅಣ್ಣ" ಅಂದ.

"ಬರ್ತೀನಿ ಪಾದ್ರಿ, ಹೊಟ್ಟೆ ತುಂಬ ಊಟ ಹಾಕಿಸ್ತೀಯಾ?" ಎಂದು ಕಟಿಂಗ್ ಅಣ್ಣ ನಗುತ್ತ ಈ ಕಡೆ ತಿರುಗಿದ. ಪಾದ್ರಿ ಅನ್ನುವುದು ಪ್ರೆಸ್ಸಿನವರು ಬೈಂಡರನಿಗೆ ಇಟ್ಟ ಹೆಸರು. ಮುಖ ತಿರುಗಿತು, ಎಡಗೈ ಮಾತ್ರ ಅಭ್ಯಾಸದಂತೆ ಗುಂಡಿ ಒತ್ತಿತು. ಬಲಗೈಯ ನಾಲ್ಕು ಬೆರಳು ಹೋದವು.

ಐದನೆಯ ದಿನ ಬೈಂಡರ್ ಆಸ್ಪತ್ರೆಗೆ ಬಂದ. ಬಚ್ಚಲಿನ ಪಕ್ಕದ ಮಂಚ, ಫಿನಾಯಿಲ್ ವಾಸನೆ. ಕಟಿಂಗ್ ಅಣ್ಣನ ಹೆಂಡತಿ ಕಿತ್ತಳೆ ಸುಲಿಯುತ್ತಿದ್ದಳು. ಅವನನ್ನು ಕಂಡವಳೇ ಸ್ಟೂಲು ಎಳೆದು ಕೊಟ್ಟಳು.

"ಬಾಪ್ಪಾ, ಕೂತ್ಕೋ. ನೀನು ಅಂಗಿ ಹರಿದು ಬಿಗಿಯಾಗಿ ಕಟ್ಟಿ ಕರ್ಕೊಂಡು ಬರದಿದ್ರೆ ಜೀವಾನೇ ಹೋಗ್ತಿತ್ತಂತೆ. ಇವರಿಗೆ ಬುದ್ಧಿ ಬೇಡ್ವಾ ಹೇಳು? ನಿದ್ದೆಗಣ್ಣಲ್ಲಿ ಮಷೀನ್ ಮುಂದೆ ನಿಂತ್ರಂತೆ!"

ಬೈಂಡರ್ ಮಂಚದ ಕಡೆ ನೋಡಿದ. ಕಟಿಂಗ್ ಅಣ್ಣ ಗೋಡೆ ನೋಡುತ್ತಿದ್ದ. ಹಾಗಾದರೆ ಇವನು ಹೇಳಿಲ್ಲ. ಬೈಂಡರ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಈ ಹೆಂಗಸು ಸಾಯುವ ತನಕ ಅವನನ್ನು ದೇವರಂತೆ ಕಾಣುತ್ತಿದ್ದಳು. ಅವನು ಸ್ಟೂಲನ್ನು ಪಕ್ಕಕ್ಕೆ ಸರಿಸಿ ನಿಂತೇ ಇದ್ದ.

"ನಿದ್ದೆ ಅಲ್ಲ ಅತ್ತಿಗೆ" ಎಂದ. "ನಾನು ಮಾತಾಡಿಸ್ತಿದ್ದೆ. ಚರ್ಚಿಗೆ ಬಾ ಅಂತ ಕರೀತಿದ್ದೆ. ಅಣ್ಣ ನನಗೆ ಉತ್ತರ ಕೊಡೋಕೆ ತಿರುಗಿದ್ದು."

ಅವಳ ಕೈಯಲ್ಲಿ ಕಿತ್ತಳೆ ಹಾಗೇ ನಿಂತಿತು. "ಎಷ್ಟು ದಿನದಿಂದ ಕರೀತಿದ್ದೆ?"

"ಹನ್ನೊಂದು ವರ್ಷ."

"ಏನು ಸಿಕ್ತು?"

ಇದಕ್ಕೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಯಾರು ನಕ್ಕರೂ, ಯಾರು ಬಾಗಿಲು ಹಾಕಿಕೊಂಡರೂ ಅದನ್ನೇ ಹೇಳಿಕೊಂಡು ಹಗುರವಾಗಿ ಮನೆಗೆ ಹೋಗಿ ಮಲಗುತ್ತಿದ್ದ. "ಹೇಳೋದಷ್ಟೇ ನಮ್ಮ ಕೆಲಸ ಅತ್ತಿಗೆ. ಆಮೇಲಿಂದು ದೇವರಿಗೆ ಬಿಟ್ಟಿದ್ದು..." ಎನ್ನುವಷ್ಟರಲ್ಲಿ ದಿಂಬಿನ ಮೇಲಿಟ್ಟಿದ್ದ ಬ್ಯಾಂಡೇಜಿನ ಕೈ ಕಣ್ಣಿಗೆ ಬಿತ್ತು.

"ನಾಳೆಯಿಂದ ಇವರ ಬಾಯಿಗೆ ತುತ್ತಿಡೋಳು ನಾನು" ಎಂದಳು. ದನಿ ಏರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. "ಅಂಗಿ ಗುಂಡಿ ಹಾಕೋಳು ನಾನು, ಕಚ್ಚೆ ಕಟ್ಟೋಳು ನಾನು. ಅದನ್ನೂ ನಿನ್ನ ದೇವರಿಗೇ ಬಿಟ್ಟುಬಿಡ್ಲಾ?" ಕಿತ್ತಳೆಯನ್ನು ಮಂಚದ ಮೇಲೆ ಕುಕ್ಕಿ, ನೀರಿನ ಬಾಟಲಿ ಹಿಡಿದು ಹೊರಗೆ ಹೋದಳು.

"ಯಾಕಣ್ಣ ಹೇಳ್ಲಿಲ್ಲ ಅತ್ತಿಗೆಗೆ?" ಎಂದ ಬೈಂಡರ್.

"ಹೇಳಿದ್ರೆ ಬೆರಳು ಮೊಳೀತಿತ್ತಾ? ನಿನ್ನ ಕೆಲಸ ಹೋಗ್ತಿತ್ತು, ಅಷ್ಟೇ."

"ಹೋಯ್ತು. ಬೆಳಗ್ಗೆ ಓನರಿಗೆ ಎಲ್ಲಾ ಹೇಳಿದೆ, ಆ ಟೇಪಿನ ವಿಷಯಾನೂ. ನಾಳೆಯಿಂದ ಬರ್ಬೇಡ ಅಂದ್ರು."

"ಹುಚ್ಚು ಮುಂಡೇದೆ" ಎಂದ ಕಟಿಂಗ್ ಅಣ್ಣ. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಬೈಂಡರನ ಕಣ್ಣು ತುಂಬಿತು. "ಇನ್ಮೇಲೆ ಯಾರಿಗೂ ಏನೂ ಹೇಳಲ್ಲ ಅಣ್ಣ. ನಿನ್ನಾಣೆ."

ಕಟಿಂಗ್ ಅಣ್ಣ ಬ್ಯಾಂಡೇಜು ಸುತ್ತಿದ ಕೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲಿಟ್ಟುಕೊಂಡ.

"ಬಡಗಿ ಅಲ್ವಾ ಅವನು?" ಎಂದ ಆಮೇಲೆ.

"ಯಾರು?"

"ನಿಮ್ಮವನು. ಕೈಗೆ ಮೊಳೆ ಹೊಡೆದ್ರು, ಸತ್ತ, ಮೂರನೇ ದಿನ ಎದ್ದು ಬಂದ. ಮಷೀನ್ ಸದ್ದಲ್ಲೂ ಅಷ್ಟು ಕಿವಿಗೆ ಬಿದ್ದಿದೆ."

"ಹೂಂ, ಬಡಗಿ."

"ಎದ್ದು ಬಂದ ಮೇಲೆ, ಆ ಕೈಯಲ್ಲಿ ಮತ್ತೆ ಉಳಿ ಹಿಡಿಯೋಕಾಯ್ತಾ ಅವನಿಗೆ?"

ಹನ್ನೊಂದು ವರ್ಷದಲ್ಲಿ ಯೇಸುವಿನ ಬಗ್ಗೆ ಕಟಿಂಗ್ ಅಣ್ಣ ನಿಜವಾಗಿ ಕೇಳಿದ ಮೊದಲ ಪ್ರಶ್ನೆ. ಬೈಂಡರ್ ಇಡೀ ಬೈಬಲ್ಲನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಎಲ್ಲಿಯೂ ಸಿಗಲಿಲ್ಲ.

"ಗೊತ್ತಿಲ್ಲ ಅಣ್ಣ" ಎಂದ. "ಎದ್ದ ಮೇಲೂ ಕೈಯಲ್ಲಿ ಗಾಯ ಹಾಗೇ ಇತ್ತು ಅಂತ ಮಾತ್ರ ಬರೆದಿದೆ."