ಮೂಗಿನ ಸರ್ಟಿಫಿಕೇಟು

"ಈ ಯಂತ್ರ ವಾಪಸ್ ಕಳಿಸಮ್ಮ" ಎಂದರು ಮಾವ.

ವಿನೆಗರ್ ತಯಾರಿಸುವ ಆ ಪುಟ್ಟ ಕಾರ್ಖಾನೆಗೆ ಅವರೇ ಒಡೆಯರು, ಅವರ ಮೂಗೇ ಪ್ರಯೋಗಾಲಯ. ರಸಾಯನಶಾಸ್ತ್ರ ಓದಿದ ಸೊಸೆ ಕಾಡಿ ಬೇಡಿ, ವಿನೆಗರಿನಲ್ಲಿ ಏನೇನಿದೆ ಎಂದು ಪರದೆಯ ಮೇಲೆ ಗೆರೆಗಳಲ್ಲಿ ತೋರಿಸುವ ಯಂತ್ರವೊಂದನ್ನು ತರಿಸಿದ್ದಳು. ಮಾವ ಮೆಚ್ಚಿದರೆ ಅದು ಉಳಿಯುತ್ತದೆ, ಇಲ್ಲವಾದರೆ ಸಂಜೆ ಲಾರಿ ಹತ್ತುತ್ತದೆ.

ಸೇಬಿನ ವಿನೆಗರಿನಲ್ಲಿ ಸೇಬಿನ ಆಮ್ಲವನ್ನು ಯಂತ್ರ ಬೆರಳಿಟ್ಟು ತೋರಿಸಿತ್ತು. ಎಡವಟ್ಟಾದದ್ದು ಮಾವನ ಹೆಮ್ಮೆಯ ದ್ರಾಕ್ಷಿ ವಿನೆಗರಿನಲ್ಲಿ. ಅವರು ಬಾಟಲಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಆಹಾ, ನಮ್ಮ ಹಳೇ ಪೀಪಾಯಿದು" ಎಂದು ಸರ್ಟಿಫಿಕೇಟು ಕೊಟ್ಟಾಗಿತ್ತು. ಯಂತ್ರವೋ, ದ್ರಾಕ್ಷಿಯ ಸುಳಿವೇ ಇಲ್ಲ ಎಂದಿತು.

"ದ್ರಾಕ್ಷಿಯಲ್ಲಿ ದ್ರಾಕ್ಷಿ ಕಾಣದ ಯಂತ್ರ ಇಟ್ಕೊಂಡು ಏನ್ಮಾಡ್ಲಿ?"

ಸೊಸೆ ಗ್ರಾಫನ್ನು ಮತ್ತೊಮ್ಮೆ ನೋಡಿದಳು.

"ಯಂತ್ರ ಸರಿಯಾಗೇ ಇದೆ, ಮಾವ. ಬಾಟ್ಲಿ ಸುಳ್ಳು ಹೇಳ್ತಿದೆ. ಇದು ಬರೀ ಆಸಿಡ್‌ಗೆ ನೀರು ಬೆರೆಸಿದ್ದು. ಈ ಉದ್ದನೆ ಗೆರೆ ಕೆಫೀನ್. ಬಣ್ಣಕ್ಕೆ ಯಾರೋ ಟೀ ಸುರಿದಿದ್ದಾರೆ."

"ಕಾಫಿ ಯಾಕಾಗಿರಬಾರ್ದು ಅತ್ತಿಗೆ?" ಬಾಗಿಲಿಗೊರಗಿ ನಿಂತಿದ್ದ ಮೈದುನ ಕೇಳಿದ.

"ಕಾಫಿಯಾಗಿದ್ರೆ ಇಲ್ಲಿ ಇನ್ನೊಂದು ಗೆರೆ ಏಳ್ತಿತ್ತು. ಟೀನೇ. ಹಾಲಿಲ್ಲದ್ದು, ಹಾಲಿದ್ದಿದ್ರೆ ಒಡೆದುಹೋಗ್ತಿತ್ತು."

"ಸಕ್ಕರೆ ಹಾಕಿಲ್ಲ ಅಂತಾನೂ ತೋರಿಸ್ತಾ?" ಎಂದುಬಿಟ್ಟ ಅವನು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಇಬ್ಬರೂ ಅವನತ್ತ ತಿರುಗಿಯಾಗಿತ್ತು.

"ಲೋ..." ಎಂದರು ಮಾವ.

"ಅತ್ತಿಗೇನ ಸ್ವಲ್ಪ ಗೋಳು ಹೊಯ್ಕೊಳ್ಳೋಣ ಅಂತ ಬಾಟ್ಲಿ ಬದಲಾಯಿಸಿದ್ದೆ, ಅಷ್ಟೇ ಅಪ್ಪ. ನೀನು ಮೂಸಿದ ತಕ್ಷಣ ಸಿಕ್ಕಿಬೀಳ್ತೀನಿ ಅಂದ್ಕೊಂಡ್ರೆ ನೀನು..." ಅವನು ಕಣ್ಣು ಮುಚ್ಚಿ, ಮೂಗರಳಿಸಿ, ಥೇಟ್ ಅಪ್ಪನದೇ ದನಿ ತೆಗೆದ: "ಆಹಾ, ನಮ್ಮ ಹಳೇ ಪೀಪಾಯಿದು!"

ಸೊಸೆ ಸೆರಗು ಬಾಯಿಗೊತ್ತಿಕೊಂಡು ಬೆನ್ನು ತಿರುಗಿಸಿದಳು. ಅಡಗಿಸಿಟ್ಟ ಅಸಲಿ ಬಾಟಲಿಯನ್ನು ಮೈದುನ ತಂದುಕೊಟ್ಟ. ಅವಳು ಅದರಿಂದ ಒಂದು ತೊಟ್ಟು ಯಂತ್ರಕ್ಕೆ ಉಣಿಸಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ದ್ರಾಕ್ಷಿಯ ಗೆರೆಗಳು ಒಂದರ ಹಿಂದೊಂದು ತಲೆಯೆತ್ತಿ ಸಾಲಾಗಿ ನಿಂತವು.

ಮಾವ ಅದನ್ನೇ ದಿಟ್ಟಿಸಿದರು. ಮೀಸೆ ಅದುರಿತು. ಮುಂದಿನ ಕ್ಷಣ, ಕಪಾಟಿನ ಗಾಜಿನ ಲೋಟಗಳು ಕಿಣಿಗುಟ್ಟುವಂತೆ ಅವರು ನಗತೊಡಗಿದರು. ಉಳಿದಿಬ್ಬರ ನಗೆ ಅದರಲ್ಲಿ ಮುಳುಗಿಹೋಯಿತು.

"ವಾರದಿಂದ ಮೂಗು ಕಟ್ಟಿದೆ ಕಣಮ್ಮ, ಏನೂ ವಾಸನೆ ಗೊತ್ತಾಗ್ತಿಲ್ಲ" ಎಂದರು ಕಣ್ಣೊರೆಸಿಕೊಳ್ಳುತ್ತ. "ಲಾರಿಯವನಿಗೆ ಬರಬೇಡ ಅಂತ ಹೇಳು. ಯಂತ್ರಕ್ಕೆ ನೆಗಡಿ ಆಗಲ್ಲ."