ಮೌನದಲ್ಲಿ ಮೂರು ತಟ್ಟು

ಮತ್ತೆ ಅದೇ ಜಾಗದಲ್ಲಿ ತಟ್ಟಿತು. ಟಕ್, ಟಕ್, ಟಕ್.

ಪಲ್ಲವಿಗೆ ಮುಂಚೆ ಗಿಟಾರೂ ಯಂತ್ರದ ತಾಳವೂ ಗಕ್ಕನೆ ನಿಂತು, ಮೂರೆಣಿಸುವಷ್ಟು ಹೊತ್ತು ಹಾಡು ಉಸಿರು ಬಿಗಿಹಿಡಿಯುತ್ತದೆ. ಸರಿಯಾಗಿ ಅಲ್ಲೇ. ಬೇರೆಲ್ಲೂ ಇಲ್ಲ.

"ಇದು ನಮ್ಮಣ್ಣನ ಕಿತಾಪತೀನೇ," ಎಂದಳು ಗಾಯಕಿ. "ನಾಲ್ಕು ಗಂಟೆಗೆ ಹಾಡು ಕಳಿಸ್ಬೇಕು ಅಂತ ಗೊತ್ತಿದ್ದೇ ಎಲ್ಲೋ ತುರುಕಿದಾನೆ."

ಸ್ಟುಡಿಯೊದ ಒಡತಿ ಹಾಡನ್ನು ಮತ್ತೆ ಹಿಂದಕ್ಕೆ ಎಳೆದಳು. ಇಪ್ಪತ್ತು ವರ್ಷದಿಂದ ಹಾಡು ಮುದ್ರಿಸುತ್ತ ಬಂದವಳು. ಎಲ್ಲರ ಬಾಯಲ್ಲೂ ಅಕ್ಕ.

ಅಣ್ಣ ತಂಗಿ ಇಬ್ಬರದೇ ತಂಡ ಅದು. ತಂಗಿಯದು ಕಂಠ, ಗಿಟಾರು, ಯಂತ್ರಗಳು, ಅಣ್ಣನದು ಡ್ರಮ್ಮು. ಗುಡುಗಪ್ಪ ಎಂದೇ ಅವನಿಗೆ ಹೆಸರು. ಮೂರು ವರ್ಷ ಯಾರೂ ಮೂಸಿ ನೋಡದ ಮೇಲೆ ಈ ಒಂದು ಹಾಡನ್ನು ಕಂಪನಿಯೊಂದು ಒಪ್ಪಿಕೊಂಡಿತ್ತು. ಇದೂ ಕೈತಪ್ಪಿದರೆ ತಂಡದ ಕಥೆ ಮುಗಿಯಿತು. ಅಂಥ ಹಾಡಿನಿಂದ ತಂಗಿ ಡ್ರಮ್ಮನ್ನೇ ಕಿತ್ತುಹಾಕಿ ತಾಳವನ್ನು ಯಂತ್ರಕ್ಕೆ ಒಪ್ಪಿಸಿದ್ದಳು.

ಯಂತ್ರದ ತಾಳಕ್ಕೂ ಡ್ರಮ್ಮಿನ ಗುಡುಗು ಬಂದರೆ ಅಣ್ಣನಿಗೆ ಸಮಾಧಾನವಾದೀತೆಂದು ಅಕ್ಕ ಹಳೇ ವಿದ್ಯೆಯೊಂದನ್ನು ಹೊರತೆಗೆದಳು. ಹಾಕಿದಾಗಲೆಲ್ಲ ಹಾಡನ್ನು ಸ್ಟುಡಿಯೊದ ನೆಲಮಾಳಿಗೆಯ ಬರಿಗೋಡೆಗಳಲ್ಲಿ ಮೊಳಗಿಸಿ, ಆ ಮಾರ್ದನಿಯ ಗುಂಗನ್ನು ಅಲ್ಲಿನ ಮೈಕಿನಲ್ಲಿ ಹಿಡಿದು ಮತ್ತೆ ಹಾಡಿಗೇ ಬೆರೆಸುವುದು. ಕಿವಿಗೆ ಚುಚ್ಚದಿರಲೆಂದು ಗುಂಗಿನ ಚೂಪು ಸದ್ದನ್ನೆಲ್ಲ ಸೋಸಿ, ಮಂದ್ರವನ್ನಷ್ಟೇ ಉಳಿಸಿದ್ದಳು. ಮೈಕು ಇಟ್ಟ ಜಾಗ ಸರಿಯಿಲ್ಲ ಎಂದು ಅವನು ಅದಕ್ಕೂ ಗೊಣಗಿದ. ಮೆಷಿನ್ನಾದರೆ ಮೂತಿ ಊದಿಸಿಕೊಳ್ಳುವುದಿಲ್ಲ ಎಂದುಬಿಟ್ಟಳು ತಂಗಿ. ಮೊನ್ನೆ ಸಂಜೆಯ ಮಾತು.

ಅವನು ಎದ್ದುಹೋದ. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ನಾನು ಇಲ್ದಿದ್ರೆ ಈ ಹಾಡು ಹೇಗಿರುತ್ತೆ ಅಂತ ನೀನೇ ಕೇಳಿಸ್ಕೊ, ಪುಟ್ಟಿ."

ಆಮೇಲೆ ತಂಗಿ ಕಣ್ಣೊರೆಸಿಕೊಂಡು ಹೊರಟಳು. ಅಕ್ಕನೂ ಎಂದಿನಂತೆ ಮೇಲೂ ಕೆಳಗೂ ಓಡಾಡಿ ದೀಪ ಆರಿಸಿ, ಎಲ್ಲ ಬಾಗಿಲಿಗೂ ಚಿಲಕ ಹಾಕಿ, ಮನೆಗೆ ನಡೆದಳು.

ನಿನ್ನೆ ಬೆಳಿಗ್ಗೆಯಿಂದ ಈ ಕಾಟ. ಅಕ್ಕ ತಂತಿ ಬದಲಿಸಿದಳು. ಫ್ರಿಜ್ ಆರಿಸಿದಳು. ಗಾಯನ, ಗಿಟಾರು, ತಾಳ ಒಂದೊಂದನ್ನೇ ಮನೆಗೊಯ್ದು ಕೇಳಿದಳು; ಕನ್ನಡಿಯಷ್ಟು ಶುದ್ಧ. ಇಲ್ಲಿ ಹಾಕಿದರೆ ತಟ್ಟು. ತಟ್ಟಿನ ಹಿಂದೆಯೇ ಯಾರೋ ನರಳಿದಂಥ ಗೊಗ್ಗರು ದನಿ. ಇಂಥದ್ದಕ್ಕೆಲ್ಲ ನಗುತ್ತಿದ್ದ ಅಕ್ಕ ಈಗ ಆ ಜಾಗ ಬಂದಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿಯುತ್ತಿದ್ದಳು.

ಅಣ್ಣನ ಫೋನು ಸಿಗುತ್ತಿಲ್ಲ. ಅವನು ಮನೆಗೇ ಬಂದಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದಳು. ಗಂಡನ ಪರವಾಗಿ ಬುರುಡೆ ಬಿಡುತ್ತಿದ್ದಾಳೆ ಎಂದು ತಂಗಿ ಮೂಗು ಮುರಿದಿದ್ದಳು.

ಮೂರು ಗಂಟೆಗೆ ಇನ್ನೊಮ್ಮೆ ಹಾಕಿದರು. ಈ ಸಲ ಎರಡೇ ತಟ್ಟು. ಅದೂ ಮೆತ್ತಗೆ. ಆಮೇಲಿನ ಸಲ ಒಂದು.

"ನೋಡಿ ಅಕ್ಕ, ತಾನಾಗೇ ಹೋಗ್ತಿದೆ," ಎಂದು ತಂಗಿ ಹಿಗ್ಗಿದಳು.

ಅಕ್ಕ ಹಿಗ್ಗಲಿಲ್ಲ. ಮುದ್ರಿಸಿಟ್ಟ ಸದ್ದು ದಣಿಯುವುದಿಲ್ಲ.

ಅಷ್ಟರಲ್ಲಿ ಅತ್ತಿಗೆಯೇ ಬಂದು ನಿಂತಳು. ಕಣ್ಣು ಕೆಂಪಗಾಗಿದ್ದವು. "ಅವ್ರ ಸ್ಕೂಟರು ನಿಮ್ಮ ಹಿತ್ತಲಲ್ಲೇ ಇದೆ. ಸೀಟ್ ಮೇಲೆ ಧೂಳು ಕೂತಿದೆ. ಅವ್ರೆಲ್ಲಿ?"

ಅಕ್ಕ ಹಾಡು ನಿಲ್ಲಿಸಿದಳು. ಗಾಯನ, ಗಿಟಾರು, ತಾಳ ಎಲ್ಲದರ ಗುಂಡಿ ಇಳಿಸಿದಳು. ನೆಲಮಾಳಿಗೆಯ ಮೈಕಿನದೊಂದನ್ನೇ ಪೂರ್ತಿ ಏರಿಸಿ, ಎರಡು ದಿನದಿಂದ ಚೂಪು ಸದ್ದನ್ನು ತಡೆಹಿಡಿದಿದ್ದ ಸೋಸುಗವನ್ನು ತೆಗೆದಳು.

"ಪುಟ್ಟೀ... ಮೈಕು ಸರಿಮಾಡೋಕೆ ಇಳಿದಿದ್ದೆ, ಯಾರೋ ಹೊರಗಿಂದ ಚಿಲಕ ಹಾಕ್ಬಿಟ್ಟಿದಾರೆ ಕಣೇ."