ಬದನೆಕಾಯಿ ಬಣ್ಣದ ಕೋಟು

ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದವನ ಮೈಮೇಲಿನ ಕೋಟನ್ನು ನೋಡಿದೊಡನೆ ಅಂಗಡಿಯೊಳಗಿದ್ದ ಬಣ್ಣದಕ್ಕ ಕೈಯಲ್ಲಿದ್ದ ಬ್ರಶ್ಶನ್ನು ಕೆಳಗಿಟ್ಟಳು. ಅದು ಹೋದ ವಾರ ಅವಳೇ ಬಣ್ಣ ಹಾಕಿಕೊಟ್ಟ ಕೋಟು. ಆ ಮನುಷ್ಯ ಒಳಗೆ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಹತ್ತು ನಿಮಿಷದಿಂದ ಅಂಗಡಿಯ ಬೋರ್ಡನ್ನೇ ದುರುಗುಟ್ಟಿ ನೋಡುತ್ತಿದ್ದಾನೆ.

ಬಣ್ಣ ಬಿಟ್ಟಿರಬೇಕು ಎಂದುಕೊಂಡಳು. ಹಳೆಯ ಚರ್ಮಕ್ಕೆ ಜೀವ ತುಂಬುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಹಿಂದಿನ ತಿಂಗಳು ಅವಳು ಬಣ್ಣ ಹಾಕಿದ್ದ ಶೂ ಒಬ್ಬ ಮದುಮಗನ ಪಾದಗಳನ್ನು ನೀಲಿ ಮಾಡಿಬಿಟ್ಟಿತ್ತು. ಇನ್ನೊಂದು ಅಂಥದ್ದಾದರೆ ಅಂಗಡಿಗೆ ಬೀಗ ಹಾಕಿಕೊಂಡು ಹೋಗುವುದೇ.

ಕೋಟನ್ನು ಗುಟ್ಟಾಗಿ ತಂದಿದ್ದವಳು ಅವನ ಹೆಂಡತಿ. ಸ್ಯೂಡ್ ಚರ್ಮದ್ದು, ಒಂದು ಕಾಲಕ್ಕೆ ಮಖಮಲ್ಲಿನಂತೆ ನವಿರಾಗಿದ್ದಿರಬೇಕು. ಈಗ ಮೊಣಕೈಗಳು ಬೋಳಾಗಿ, ಬೆನ್ನು ಬೂದಿ ಬಣ್ಣಕ್ಕೆ ತಿರುಗಿತ್ತು. ತನ್ನ ಮೊದಲ ಸಂಬಳದಲ್ಲಿ ತಾನೇ ಆರಿಸಿ ಕೊಡಿಸಿದ್ದೆಂದು ಅವಳು ಹೇಳಿದಳು.

"ಅವರಿಗೆ ಈ ಕೋಟು ಅಂದ್ರೆ ಪ್ರಾಣ ಅಕ್ಕ. ಮಳೆ ಬಂದ ದಿನವಂತೂ ಇದನ್ನ ಬಿಟ್ಟು ಬೇರೆ ಹಾಕೋದೇ ಇಲ್ಲ."

ನೆನೆದರೆ ಈ ಚರ್ಮ ಕೆಟ್ಟುಹೋಗುತ್ತದೆ ಎಂದು ಬಣ್ಣದಕ್ಕ ಎಚ್ಚರಿಸಿದಳು. ಗೊತ್ತಂತೆ, ಅವನಿಗೂ ಗೊತ್ತಂತೆ, ಆದರೂ ಪ್ರೀತಿ ನೋಡಿ ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ನಾಯಿಯನ್ನೂ ಅದರ ಮೇಲೇ ಮಲಗಿಸುತ್ತಾನಂತೆ. ಇದು ಪೂರ್ತಿ ಸವೆಯುವ ತನಕ ಬೇರೆ ಕೋಟಿನ ಮಾತೇ ಇಲ್ಲವೆಂದು ಅವಳು ಆಗಲೇ ಹೇಳಿಬಿಟ್ಟಿದ್ದಳಂತೆ. ಪಾಪ, ಅವನು ಹೂಂ ಎಂದು ತಲೆಯಾಡಿಸಿದ್ದನಂತೆ.

ಇಂಥ ಪ್ರೀತಿಯ ವಸ್ತುವೆಂದ ಮೇಲೆ ಬಣ್ಣದಕ್ಕ ಮೈಮುರಿದು ದುಡಿದಳು. ಒಣ ಬ್ರಶ್ಶಿನಿಂದ ಧೂಳು, ನಾಯಿಯ ಕೂದಲು ತೆಗೆದಳು. ಜಿಡ್ಡಿನ ಕಲೆಗಳ ಮೇಲೆ ಮೆಕ್ಕೆಜೋಳದ ಹಿಟ್ಟು ಉದುರಿಸಿ ಇಡೀ ದಿನ ಬಿಟ್ಟಳು. ಕೆಟಲಿನ ಹಬೆ ಹಿಡಿದು ಉಜ್ಜಿ, ಚರ್ಮದ ಮೇಲೆ ಮಲಗಿಹೋಗಿದ್ದ ನವಿರು ಎಳೆಗಳನ್ನು ಎಬ್ಬಿಸಿದಳು. ಜೇಬಿನ ಒಳಮಗ್ಗುಲಲ್ಲಿ ಮೂಲ ಬಣ್ಣ ಸಿಕ್ಕಿತು: ಅಪ್ಪಟ ಬದನೆಕಾಯಿ ಬಣ್ಣ. ಅದನ್ನೇ ಬೆರೆಸಿ, ಸ್ಪಂಜಿನಿಂದ ಮೂರು ಸಲ ಹಚ್ಚಿದಳು. ಒಣಗಿದಾಗ ಕೋಟು ಬೀದಿಯ ಆ ತುದಿಯಿಂದಲೂ ಕಣ್ಣಿಗೆ ಹೊಡೆಯುವಂತಿತ್ತು. ಕೊಂಡೊಯ್ಯಲು ಬಂದ ಹೆಂಡತಿ ಕುಣಿಯುವುದೊಂದು ಬಾಕಿ.

ಈಗ ಅದೇ ಕೋಟು ರಸ್ತೆ ದಾಟಿ ಒಳಗೆ ಬಂತು. ಬಣ್ಣದಕ್ಕ ಅವನ ಕುತ್ತಿಗೆಯನ್ನೂ ಅಂಗಿಯ ತೋಳನ್ನೂ ಕದ್ದು ನೋಡಿದಳು. ಎಲ್ಲೂ ಕಲೆ ಕಾಣಲಿಲ್ಲ.

"ಬಣ್ಣ ಬಿಡ್ತಾ ಇದೆಯಾ ಸರ್?"

"ಎಲ್ಲಿ ಬಿಡುತ್ತೆ? ಬಕೆಟ್ಟಲ್ಲಿ ನೆನೆಸಿಟ್ಟು ನೋಡಿದೆ."

ಬಣ್ಣದಕ್ಕನಿಗೆ ಹೋದ ಜೀವ ಬಂದಂತಾಯಿತು. ಮೆಚ್ಚಿ ಹೇಳಿಹೋಗಲು ಬಂದಿದ್ದಾನೆಂದು ಅವಳ ಮುಖ ಅರಳಿತು. ಈ ಕೆಲಸಕ್ಕೆ ಎಷ್ಟು ದಿನ ಬೇಕಾಯಿತೆಂದು ಅವನು ಕೇಳಿದ. ನಾಲ್ಕೇ ದಿನ ಎಂದು ಅವಳು ಹೆಮ್ಮೆಯಿಂದ ಹೇಳಿದಳು.

ಅವನು ತನ್ನ ನೇರಳೆ ತೋಳುಗಳನ್ನು ನೋಡಿಕೊಳ್ಳುತ್ತ ಸ್ಟೂಲಿನ ಮೇಲೆ ಕುಸಿದು ಕುಳಿತ.

"ಇದನ್ನ ಹಾಳು ಮಾಡೋಕೆ ನನಗೆ ಹನ್ನೊಂದು ವರ್ಷ ಹಿಡಿದಿತ್ತು, ಅಕ್ಕ."